ಸಂಜೆಯ ಕೋಚ್ ಯಾರ ಲೆಕ್ಕಕ್ಕೆ?

ಮಂಗಳೂರಿನ ಯಾವುದಾದರೂ ದೊಡ್ಡ ಶಾಲೆಯ ಗೇಟಿನ ಹತ್ತಿರ ಸಂಜೆ ನಾಲ್ಕರ ಹೊತ್ತಿಗೆ ನಿಂತು ನೋಡಿ. ಬೆಲ್ ಹೊಡೆದಿದೆ, ಪಿ.ಟಿ. ಮಾಸ್ಟ್ರು ಮನೆಗೆ ಹೊರಟಿದ್ದಾರೆ. ಅದೇ ಗೇಟಿನಿಂದ ಕರಾಟೆ, ಸ್ಕೇಟಿಂಗ್, ಫುಟ್‌ಬಾಲ್ ಕೋಚ್‌ಗಳು ಬೈಕಿನಲ್ಲಿ ಒಳಗೆ ಬರುತ್ತಾರೆ. ಮಾಸ್ಟ್ರ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ. ಕೋಚ್‌ಗಳದ್ದು ಎಷ್ಟೋ ಕಡೆ ವಾಚ್‌ಮನ್ ಇಟ್ಟುಕೊಂಡ ರಿಜಿಸ್ಟರಿನಲ್ಲಿ ಮಾತ್ರ. ಇವರ ಅರ್ಹತೆ, ಹಿನ್ನೆಲೆ ನೋಡಬೇಕಾದವರು ಯಾರು ಎನ್ನುವುದಕ್ಕೆ ಸರಿಯಾದ ಉತ್ತರವೇ ಇಲ್ಲ.

ಇದು ನಿನ್ನೆ ಮೊನ್ನೆ ಆದದ್ದಲ್ಲ. ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಶಾಲೆಯ ಆಟ ಅಂದರೆ ಹೆಚ್ಚಾಗಿ ಡ್ರಿಲ್. 1920ರಲ್ಲಿ ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ಶುರುವಾಯಿತು. 1961ರಲ್ಲಿ ಪಟಿಯಾಲದಲ್ಲಿ ಕೋಚ್‌ಗಳನ್ನು ತಯಾರು ಮಾಡಲೆಂದೇ ರಾಷ್ಟ್ರೀಯ ಸಂಸ್ಥೆ (ಎನ್‌ಐಎಸ್) ಬಂತು. ದೈಹಿಕ ಶಿಕ್ಷಣದ ಪದವಿ ಬಿ.ಪಿ.ಎಡ್. ಮಾಡಿದವರು ಶಿಕ್ಷಕರಾದರು, ಎನ್‌ಐಎಸ್ ಡಿಪ್ಲೊಮಾ ಪಡೆದವರು ಕೋಚ್ ಆದರು. ಶಿಕ್ಷಕರ ಅರ್ಹತೆ ನೋಡಿಕೊಳ್ಳಲು 1993ರ ಕಾಯ್ದೆಯ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) ಇದೆ. ಕೋಚ್‌ಗೆ ವಕೀಲರಿಗೆ, ಡಾಕ್ಟರಿಗೆ ಇರುವಂಥ ಲೈಸೆನ್ಸ್ ಇಲ್ಲ. ಡಿಪ್ಲೊಮಾ ಇಲ್ಲದಿದ್ದರೂ ಕೊರಳಿಗೆ ವಿಸಿಲ್ ಹಾಕಿಕೊಂಡರೆ ಕೇಳುವವರಿಲ್ಲ.

ಮೇಲಿನಿಂದಲೂ ಗೊಂದಲವೇ. ಸಂವಿಧಾನದಲ್ಲಿ ಕ್ರೀಡೆ ರಾಜ್ಯಪಟ್ಟಿಯಲ್ಲಿದೆ. ಶಿಕ್ಷಣ 1976ರ ತಿದ್ದುಪಡಿಯಲ್ಲಿ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹೋಯಿತು. ಜಿಲ್ಲೆಯಲ್ಲೂ ಶಾಲೆ ಒಂದು ಇಲಾಖೆಗೆ, ಸ್ಟೇಡಿಯಂ ಇನ್ನೊಂದಕ್ಕೆ. ಶಾಲೆಯ ಒಳಗೆ ಹೊರಗಿನವರು ಕಲಿಸುವ ಆಟ ಎರಡರ ನಡುವೆ ಬೀಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು ಎಂದಿತು. ಶಾಲೆ ಬಿಟ್ಟ ಮೇಲಿನ ಕೋಚಿಂಗ್ ಬಗ್ಗೆ ಅದರಲ್ಲಿ ಏನೂ ಇಲ್ಲ.

ನಮ್ಮ ಕಡೆ ಇದಕ್ಕೆ ಮಳೆಯೂ ಸೇರಿಕೊಂಡಿತು. ಜೂನ್‌ನಿಂದ ಸೆಪ್ಟೆಂಬರ್ ತನಕ ಮುರಕಲ್ಲು ಮಣ್ಣಿನ ಮೈದಾನದಲ್ಲಿ ಆಡುವುದು ಅಷ್ಟಕ್ಕಷ್ಟೆ. ಹಾಗಾಗಿ ಕ್ಲಾಸು ಶಾಲೆಯಿಂದ ಹೊರಟು ಶೀಟ್ ಹಾಕಿದ ಬ್ಯಾಡ್ಮಿಂಟನ್ ಕೋರ್ಟಿಗೋ, ಬಾಡಿಗೆ ಹಾಲಿಗೋ ಹೋಗುತ್ತದೆ. ಮಕ್ಕಳು ಅವರೇ, ಕೋಚ್ ಅವರೇ. ಆದರೆ ಕಾಂಪೌಂಡ್ ದಾಟಿದ ಕೂಡಲೇ ಅದು ಖಾಸಗಿ ಅಕಾಡೆಮಿ. ಫೀಸಿನ ರಸೀದಿಯಲ್ಲಿ ಒಮ್ಮೊಮ್ಮೆ ಶಾಲೆಯ ಹೆಸರು, ಒಮ್ಮೊಮ್ಮೆ ಅಕಾಡೆಮಿಯದ್ದು. ಏನಾದರೂ ಆದಾಗ ರಸೀದಿಯಲ್ಲಿ ಯಾರ ಹೆಸರಿದೆ ಎಂದು ಹುಡುಕುವುದು ಪೋಷಕರ ಕೆಲಸ.

ಕಾನೂನು ಗಟ್ಟಿಯಾಗಿ ಬಂದದ್ದು ಬೇರೆ ಬಾಗಿಲಿನಿಂದ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ಕ್ಕೆ ಜಾರಿಯಾಯಿತು. ಅಪರಾಧ ಗೊತ್ತಿದ್ದೂ ತಿಳಿಸದಿರುವುದೂ ತಪ್ಪು ಎಂದು ಅದು ಹೇಳಿತು. 2014ರಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರ ಪ್ರಕರಣ ಬೀದಿ ಪ್ರತಿಭಟನೆಯಾದ ಮೇಲೆ ಇಡೀ ರಾಜ್ಯದ ಶಾಲೆಗಳು ಸಿಸಿ ಕ್ಯಾಮೆರಾ, ಐಡಿ ಕಾರ್ಡು ಎಂದು ಓಡಾಡಿದವು. ಕ್ಯಾಮೆರಾ ಗೋಡೆಗೆ ಬಂತು, ಕೋಚ್‌ಗಳ ಫೈಲ್ ಮಾತ್ರ ಎಷ್ಟೋ ಕಡೆ ಕಪಾಟಿಗೆ ಬರಲೇ ಇಲ್ಲ. 2020ರ ಪೋಕ್ಸೊ ನಿಯಮಗಳಲ್ಲಿ ಕ್ರೀಡಾ ಅಕಾಡೆಮಿಯ ಹೆಸರೂ ಬಂತು. ಮಕ್ಕಳ ಸಂಪರ್ಕಕ್ಕೆ ಬರುವ ಖಾಯಂ, ಗುತ್ತಿಗೆ ಸಿಬ್ಬಂದಿ ಎಲ್ಲರದ್ದೂ ಆಗಾಗ ಪೊಲೀಸ್ ಪರಿಶೀಲನೆ ಆಗಬೇಕು.

ಓದಲು ಚೆನ್ನಾಗಿದೆ ಅಲ್ವಾ? ಆದರೆ ನಿಯಮ ಮಾತನಾಡುವುದು ಸಂಸ್ಥೆಯ ನೌಕರರ ಬಗ್ಗೆ. ಪೋಷಕರೇ ಒಟ್ಟಾಗಿ ಕರೆಸಿದ, ತಿಂಗಳ ದುಡ್ಡು ಮೊಬೈಲಿನಲ್ಲೇ ಹಾಕುವ ಕೋಚ್ ಯಾರ ನೌಕರ? ಕದ್ರಿಯಲ್ಲಿ ಒಂದು, ಸುರತ್ಕಲ್‌ನಲ್ಲಿ ಇನ್ನೊಂದು ಶಾಲೆಗೆ ಹೋಗುವವರ ಪರಿಶೀಲನೆ ಯಾವ ಶಾಲೆ ಮಾಡಿಸಬೇಕು? ‘ಆಗಾಗ’ ಅಂದರೆ ವರ್ಷಕ್ಕೊಮ್ಮೆಯೋ, ಐದು ವರ್ಷಕ್ಕೊಮ್ಮೆಯೋ? ಇನ್ನೊಂದು ತೊಡಕೂ ಇದೆ. ಕೇಸು ದಾಖಲಾಗಿದ್ದರೆ ಮಾತ್ರ ಪೊಲೀಸ್ ವರದಿಯಲ್ಲಿ ಅದು ಕಾಣುತ್ತದೆ. ಮಾನ ಹೋಗುತ್ತದೆಂದು ಶಾಲೆಯವರು ಸುಮ್ನೆ ಕೆಲಸ ಬಿಡಿಸಿ ಕಳುಹಿಸಿದ ಕೋಚ್‌ಗಳು ಮುಂದಿನ ಶಾಲೆಗೆ ಶುದ್ಧ ಕಾಗದ ಹಿಡಿದೇ ಹೋಗುತ್ತಾರೆ. ಬಿಡಿಸಿದ್ದು ಯಾಕೆ ಎಂದು ಬರೆದಿಡುವ ಅಭ್ಯಾಸ ಬೆಳೆದಿದ್ದರೆ ಅರ್ಧ ತಲೆನೋವು ಕಡಿಮೆ ಆಗುತ್ತಿತ್ತು.

2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಸುರಕ್ಷಿತ ಕ್ರೀಡಾ ನೀತಿಯ ಮಾತಾಡುತ್ತದೆ. ಆದರೆ ಅದರ ಗಮನ ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಮೇಲೆ. ನಮ್ಮೂರಿನ ಕರಾಟೆ ಕ್ಲಾಸಿನ ತನಕ ಬರಲು ಅದಕ್ಕೆ ಬಹಳ ಮೆಟ್ಟಿಲು ಇಳಿಯಬೇಕು.

ಹಾಗಾದರೆ ಡಿಪ್ಲೊಮಾ ಇಲ್ಲದವರಿಗೆ ಗೇಟು ಮುಚ್ಚೋಣವೇ? ಬೈಂದೂರು, ಕಾರ್ಕಳದ ಕಡೆಯ ಸಣ್ಣ ಶಾಲೆಗಳಲ್ಲಿ ಕಬಡ್ಡಿ, ವಾಲಿಬಾಲ್ ಕಲಿಸುವುದು ಎಷ್ಟೋ ಸಲ ಊರಿನ ಹಳೇ ಆಟಗಾರರು. ದುಡ್ಡೂ ತೆಗೆದುಕೊಳ್ಳುವುದಿಲ್ಲ. ಪಟಿಯಾಲದ ಕಾಗದ ಕೇಳಿದರೆ ಮೊದಲು ಮನೆಗೆ ಹೋಗುವವರು ಅವರೇ. ಪೊಲೀಸ್ ಪರಿಶೀಲನೆ ಬೇರೆ ಮಾತು. ಅದಕ್ಕೆ ಊರ ಆಟಗಾರನಾದರೂ ಒಂದೇ, ನಗರದ ಅಕಾಡೆಮಿಯವರಾದರೂ ಒಂದೇ. ಅರ್ಜಿಗೆ ಶಾಲೆ ಸಹಿ ಹಾಕಬೇಕೋ, ಅಕಾಡೆಮಿಯೋ ಎನ್ನುವಲ್ಲಿ ವಿಷಯ ಸದ್ಯಕ್ಕೆ ನಿಂತಿದೆ.