ರಸ್ತೆ ದಾಟೋಕೆ ಎಷ್ಟು ಸೆಕೆಂಡು?

ಪಾದಚಾರಿ ಸಿಗ್ನಲ್‌ಗೆ ಎಷ್ಟು ಹೊತ್ತು ಹಸಿರು ಕೊಡಬೇಕು ಅನ್ನುವುದು ನಮ್ಮ ಸಂಚಾರ ಎಂಜಿನಿಯರಿಂಗ್ ಕಸುಬಿನಲ್ಲಿ ಸಣ್ಣ ಲೆಕ್ಕ. ರಸ್ತೆಯ ಅಗಲವನ್ನು ನಡಿಗೆಯ ವೇಗದಿಂದ ಭಾಗಿಸಿದರೆ ಆಯಿತು. ಅಮೆರಿಕದ ಕೈಪಿಡಿಯಲ್ಲಿ ಆ ವೇಗ ಬಹಳ ಕಾಲ ಸೆಕೆಂಡಿಗೆ 4 ಅಡಿ, ಅಂದರೆ ಸುಮಾರು 1.2 ಮೀಟರ್ ಇತ್ತು. 2009ರಲ್ಲಿ ಅದನ್ನು 3.5 ಅಡಿಗೆ ಇಳಿಸಿದರು. ಹಳೇ ಲೆಕ್ಕದಲ್ಲಿ 18 ಮೀಟರ್ ರಸ್ತೆಗೆ 15 ಸೆಕೆಂಡು ಸಾಕು. ಕೋಲೂರಿಕೊಂಡು ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿ ಅಷ್ಟರಲ್ಲಿ 12 ಮೀಟರ್ ದಾಟಿರುತ್ತಾರೆ. ಇನ್ನೂ ಎರಡು ಲೇನ್ ಬಾಕಿ ಇರುವಾಗಲೇ ದೀಪ ಕೆಂಪಾಗುತ್ತದೆ. ಅವರಿಗೆ ಇನ್ನೊಂದು ಏಳೆಂಟು ಸೆಕೆಂಡು ಯಾಕೆ ಸಿಗಲಿಲ್ಲ? ಕಾರುಗಳು ಕಾಯಬಾರದು ಅಂತ.

ಜನರಿಗೆ ಕಾರು ಬೇಕಿತ್ತು, ಅದಕ್ಕೇ ನಗರಗಳು ಹೀಗಾದವು ಅನ್ನುವ ಮಾತು ಅರ್ಧ ಮಾತ್ರ ನಿಜ. 1908ರಲ್ಲಿ ಫೋರ್ಡ್ ಮಾಡೆಲ್ ಟಿ ಬಂದು, ಬರಬರುತ್ತಾ ಅಗ್ಗವಾಯಿತು, ನಿಜ. ಆದರೆ ಬೀದಿ ಆಗ ಎಲ್ಲರದು. 1923ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ 42,000ಕ್ಕೂ ಹೆಚ್ಚು ಜನ ಒಂದು ಬೇಡಿಕೆಗೆ ಸಹಿ ಹಾಕಿದರು: ಗಂಟೆಗೆ 25 ಮೈಲಿ ಮೀರಿ ಓಡದಂತೆ ಪ್ರತಿ ಕಾರಿಗೂ ಒಂದು ಸಾಧನ ಕೂರಿಸಬೇಕು. ಕಾರು ವ್ಯಾಪಾರಿಗಳು ಜೋರಾಗಿ ಪ್ರಚಾರ ಮಾಡಿದರು, ಮತದಾನದಲ್ಲಿ ಪ್ರಸ್ತಾವ ಬಿದ್ದುಹೋಯಿತು. 1925ರಲ್ಲಿ ಲಾಸ್ ಏಂಜಲೀಸ್ ನಡೆಯುವವರಿಗೇ ಕಟ್ಟುನಿಟ್ಟಿನ ನಿಯಮ ತಂದಿತು, ಬೇರೆ ಊರುಗಳೂ ಅದನ್ನೇ ಅನುಸರಿಸಿದವು. ಎಚ್ಚರ ತಪ್ಪಬಾರದ ಹೊಣೆ ಕಾರಿನಿಂದ ಕಾಲಿಗೆ ದಾಟಿತು.

ಕಾರು ಕಂಪನಿಗಳು ಸೇರಿ ಟ್ರಾಮ್‌ಗಳನ್ನು ಕೊಂದವು ಎಂಬ ಕಥೆ ಎಲ್ಲರಿಗೂ ಇಷ್ಟ. ಖಳನಾಯಕ ಇದ್ದರೆ ಕಥೆ ಹೇಳೋದು ಸುಲಭ, ಅಲ್ವಾ? 1949ರಲ್ಲಿ ಜನರಲ್ ಮೋಟರ್ಸ್ ಮತ್ತು ಜೊತೆಗಾರ ಕಂಪನಿಗಳಿಗೆ ಶಿಕ್ಷೆ ಆಗಿದ್ದೇನೋ ಹೌದು. ಆದರೆ ಅದು ಬಸ್ಸು, ಇಂಧನ, ಟಯರ್ ಮಾರಾಟದಲ್ಲಿ ಏಕಸ್ವಾಮ್ಯಕ್ಕೆ ಸಂಚು ಮಾಡಿದ್ದಕ್ಕೆ. ಏರಿಸಲಾಗದ ಟಿಕೆಟ್ ದರ, ಕಾರುಗಳ ನಡುವೆ ಸಿಕ್ಕಿಬೀಳುವ ಗೋಳು, ಇವು ಟ್ರಾಮ್‌ಗಳನ್ನು ಆಗಲೇ ಹಣ್ಣು ಮಾಡಿದ್ದವು. ಆಮೇಲೆ ಅಮೆರಿಕದ 1956ರ ಹೆದ್ದಾರಿ ಕಾಯ್ದೆಯಲ್ಲಿ 41,000 ಮೈಲಿ ಹೆದ್ದಾರಿಯ ಖರ್ಚಿನಲ್ಲಿ ಶೇ 90ರಷ್ಟನ್ನು ಕೇಂದ್ರ ಸರ್ಕಾರವೇ ಹೊತ್ತಿತು. ನಗರದ ಬಸ್ಸಿಗೆ ಅಂಥ ಹಣ ಇರಲಿಲ್ಲ.

ನನ್ನ ಪ್ರಕಾರ ಸಂಚಿಗಿಂತ ಜಾಸ್ತಿ ಕೆಲಸ ಮಾಡಿದ್ದು ನಮ್ಮ ಕೋಷ್ಟಕಗಳು. ಪಾರ್ಕಿಂಗ್ ನಿಯಮವನ್ನೇ ನೋಡಿ. ಕಟ್ಟಡ ಕಟ್ಟಬೇಕಾದರೆ ಇಷ್ಟು ಕಾರಿಗೆ ಜಾಗ ಬಿಡಲೇಬೇಕು. ಓಡಾಡುವ ದಾರಿಯೂ ಸೇರಿದರೆ ಒಂದು ಕಾರಿಗೆ ಸುಮಾರು 30 ಚದರ ಮೀಟರ್ ಬೇಕು. ಅಂಗಡಿಗಿಂತ ಅಂಗಡಿಯ ಮುಂದಿನ ಬಯಲೇ ದೊಡ್ಡದಾಗುತ್ತದೆ. ಕಟ್ಟಡಗಳು ದೂರ ದೂರ ಸರಿಯುತ್ತವೆ, ನಡೆದು ಪೂರೈಸುವುದಿಲ್ಲ, ಕಾರು ಬೇಕೇ ಬೇಕಾಗುತ್ತದೆ. ಆ ಜಾಗದ ಖರ್ಚು ಬಾಡಿಗೆಯಲ್ಲಿ, ಸಾಮಾನಿನ ಬೆಲೆಯಲ್ಲಿ ಸೇರಿಕೊಳ್ಳುತ್ತದೆ. ಕಾರೇ ಇಲ್ಲದವರೂ ಅದನ್ನು ಕಟ್ಟುತ್ತಾರೆ.

ಇನ್ನೊಂದು, ರಸ್ತೆಗಳ ಸಾಮರ್ಥ್ಯ ಅಳೆಯುವ ಅಮೆರಿಕದ 1965ರ ಕೈಪಿಡಿಯಿಂದ ಬಂದ 'ಎ'ಯಿಂದ 'ಎಫ್'ವರೆಗಿನ ದರ್ಜೆ. ವಾಹನ ಸಲೀಸಾಗಿ ಓಡಿದರೆ ರಸ್ತೆಗೆ ಒಳ್ಳೆ ದರ್ಜೆ. ಈ ಲೆಕ್ಕದಲ್ಲಿ ಐವತ್ತು ಜನ ತುಂಬಿದ ಬಸ್ಸು ಬರೀ ಎರಡು ಮೂರು ಕಾರಿಗೆ ಸಮ, ಅದೂ ಜಾಗ ತಿನ್ನುತ್ತದೆ ಅಂತ! ಒಳಗಿರುವ ಜನರನ್ನು ಯಾರೂ ಎಣಿಸಲಿಲ್ಲ.

ನ್ಯಾಯ-ಅನ್ಯಾಯದ ಪ್ರಶ್ನೆ ಇರುವುದು ಇಲ್ಲೇ. ಕಾರು ಓಡಿಸುವವರನ್ನು ಬೈಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಗಂಟೆಗೊಂದು ಬಸ್ಸಿರುವ ಕಡೆ ಅವರಾದರೂ ಏನು ಮಾಡಬೇಕು? ಆದರೆ ಲಾಭ ಒಬ್ಬರಿಗೆ, ಅಪಾಯ ಇನ್ನೊಬ್ಬರಿಗೆ ಆಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ನಡೆಯುವವರು, ಸೈಕಲ್ಲಿನವರು, ಬೈಕಿನವರು. ವೇಗ 30 ಕಿ.ಮೀ.ಯಿಂದ 50ಕ್ಕೆ ಏರಿದರೆ ಗುದ್ದುವ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ. ಉಳಿಯುವ ನಿಮಿಷ ಕಾರಿನವರದು, ಮುರಿಯುವ ಮೂಳೆ ಬೇರೆಯವರದು. ಮಕ್ಕಳು, ಕಣ್ಣು ಕಾಣದವರು, ವಯಸ್ಸಾದವರು ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ. ಅವರನ್ನು ಕೇಳಿಯೂ ಇಲ್ಲ.

ಹಾಗಂತ ಬಸ್ಸು ಕೊಡದೆ ಮೊದಲು ಕಾರಿಗೆ ಶುಲ್ಕ ಹಾಕಿದರೆ ಅದೂ ಅನ್ಯಾಯವೇ. ದೂರದ ಅಗ್ಗದ ಮನೆಯಲ್ಲಿರುವವರಿಗೇ ಮೊದಲ ಪೆಟ್ಟು. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಈ ಕ್ರಮವನ್ನು ಸರಿಯಾಗಿ ಪಾಲಿಸಿತು. 2005ರಲ್ಲಿ ಮೊದಲು ಬಸ್ಸು ಹೆಚ್ಚಿಸಿ, 2006ರ ಜನವರಿಯಲ್ಲಿ ನಗರದ ಒಳಭಾಗಕ್ಕೆ ಬಂದುಹೋಗುವ ಕಾರುಗಳಿಗೆ ಪ್ರಾಯೋಗಿಕವಾಗಿ ಶುಲ್ಕ ಹಾಕಿದರು. ಆ ಒಳಭಾಗದ ಗಡಿ ದಾಟುವ ವಾಹನಗಳು ಸುಮಾರು ಶೇ 20 ಇಳಿದವು. ಅದನ್ನು ಅನುಭವಿಸಿ ನೋಡಿದ ಮೇಲೆ, ಸೆಪ್ಟೆಂಬರ್‌ನಲ್ಲಿ ನಗರದ ಜನ ಶುಲ್ಕ ಇರಲಿ ಅಂತ ಮತ ಹಾಕಿದರು.