ಚರ್ಮಕ್ಕಿಂತ ಮೊದಲು ಬಾಯಿಗೆ ಸಿಗಲಿ

ಎಂಟು ತಿಂಗಳ ಮಗು, ಮೈಗೆ ಇಸುಬು. ಕೆನ್ನೆಗಳು ಕೆಂಪಾಗಿ ಒರಟಾಗಿವೆ, ಕೆರೆದು ಕೆರೆದು ಮೊಣಕೈ ಮಡಿಕೆಯಲ್ಲಿ ನೀರು ಒಸರುತ್ತಿದೆ. “ಮೊಟ್ಟೆ, ಶೇಂಗಾ ಹತ್ತಿರ ಸುಳಿಯಗೊಟ್ಟಿಲ್ಲ ಡಾಕ್ಟರೇ, ಎದೆಹಾಲು ಕೊಡುತ್ತಿದ್ದೇನೆಂದು ನಾನೂ ಬಿಟ್ಟಿದ್ದೇನೆ” ಎಂದರು ತಾಯಿ. ಅವರ ಅಷ್ಟೂ ಪಥ್ಯ ಮಗುವನ್ನು ಅಲರ್ಜಿಯಿಂದ ಕಾಯುವುದಿಲ್ಲ ಎಂದು ಹೇಳುವಾಗ ನನಗೆ ಸಂಕಟವಾಯಿತು. ಆ ಹೆದರಿಕೆಯನ್ನು ಬಿತ್ತಿದವರು ವೈದ್ಯರಾದ ನಾವೇ.

ಅಲರ್ಜಿ ಇರುವ ಮನೆತನದ ಮಕ್ಕಳಿಗೆ ಎರಡು ವರ್ಷದವರೆಗೆ ಮೊಟ್ಟೆ, ಮೂರು ವರ್ಷದವರೆಗೆ ಶೇಂಗಾ ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2000ರಲ್ಲಿ ಹೇಳಿತ್ತು. ಆಧಾರ ಸಾಲದೆಂದು 2008ರಲ್ಲಿ ಅದನ್ನು ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ ಅವರ ತಂಡ, ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಶಿಶುಗಳ ಅಧ್ಯಯನವನ್ನು ಪ್ರಕಟಿಸಿತು. ಐದು ವರ್ಷ ತುಂಬುವ ಹೊತ್ತಿಗೆ, ಶೇಂಗಾ ದೂರವಿಟ್ಟ ಮಕ್ಕಳಲ್ಲಿ ಶೇ. 17ರಷ್ಟು ಮಂದಿಗೆ ಅದರ ಅಲರ್ಜಿ ಬಂದಿತ್ತು. ಮೊದಲಿನಿಂದಲೂ ತಿಂದವರಲ್ಲಿ ಶೇ. 3ರಷ್ಟು ಮಂದಿಗೆ ಮಾತ್ರ.

ಮನೆಯ ದೂಳಿನಲ್ಲಿ ಆಹಾರದ ಕಣಗಳು ಇದ್ದೇ ಇರುತ್ತವೆ. ಇಸುಬಿನಿಂದ ಬಿರುಕುಬಿಟ್ಟ ಚರ್ಮದ ಮೂಲಕ ಅವು ಒಳನುಗ್ಗಿದರೆ ದೇಹದ ರಕ್ಷಣಾ ವ್ಯವಸ್ಥೆ ಅವುಗಳನ್ನು ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ಅದೇ ಆಹಾರ ಹೊಟ್ಟೆಯ ದಾರಿಯಲ್ಲಿ ಬಂದರೆ ಸಹಿಸಿಕೊಳ್ಳಲು ಕಲಿಯುತ್ತದೆ. ನಾವು ಬಾಯಿಯ ಬಾಗಿಲನ್ನಷ್ಟೇ ಮುಚ್ಚಿದ್ದೆವು.

ಎದೆಹಾಲಿಗೆ ಸಾಟಿಯಿಲ್ಲ. ಆದರೆ ಅದೊಂದೇ ಆಹಾರದ ಅಲರ್ಜಿಯನ್ನು ತಡೆಯುತ್ತದೆ ಎನ್ನಲು ಪುರಾವೆಯಿಲ್ಲ. ಡಬ್ಬಿ ಹಾಲು ಕೊಟ್ಟ ತಾಯಂದಿರು ತಮ್ಮನ್ನು ಹಳಿದುಕೊಳ್ಳಬೇಡಿ.

ಸುಮಾರು ಆರು ತಿಂಗಳಿಗೆ ಮೆತ್ತಗಿನ ಆಹಾರದ ಜೊತೆಗೇ ಚೆನ್ನಾಗಿ ಬೇಯಿಸಿದ ಮೊಟ್ಟೆ, ನುಣ್ಣಗೆ ಅರೆದು ತೆಳುಮಾಡಿದ ಶೇಂಗಾ ಆರಂಭಿಸಿ. ಇಡೀ ಕಾಳು ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತದೆ, ಕೊಡಲೇಬೇಡಿ. ಹೊಸದನ್ನು ಒಂದೊಂದಾಗಿ, ಮಗು ಆರೋಗ್ಯವಾಗಿರುವ ದಿನ, ಹಗಲಿನಲ್ಲಿ ಕೊಟ್ಟು ಎರಡು ಗಂಟೆ ಗಮನಿಸಿ. ಮೈಮೇಲೆ ದದ್ದು, ತುಟಿಯ ಊತ, ಮತ್ತೆ ಮತ್ತೆ ವಾಂತಿ ಕಂಡರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಧಾವಿಸಿ. ಒಗ್ಗಿದ್ದನ್ನು ವಾರವಾರವೂ ಮುಂದುವರಿಸಬೇಕು, ಒಮ್ಮೆ ನೆಕ್ಕಿಸಿ ಬಿಟ್ಟರೆ ಸಾಲದು. ತೀವ್ರ ಇಸುಬು ಇರುವ ಮಗುವಿಗೆ ಮಾತ್ರ ವೈದ್ಯರನ್ನು ಕೇಳದೆ ಶೇಂಗಾ ಆರಂಭಿಸಬೇಡಿ.

ಈ ಮಗುವಿಗೂ ಮೊದಲು ಚರ್ಮದ ಪರೀಕ್ಷೆ ಮಾಡಿಸಿದೆವು. ಅಲರ್ಜಿಯ ಸುಳಿವು ಇರಲಿಲ್ಲ. ಚಮಚದ ತುದಿಯಲ್ಲಿದ್ದ ಶೇಂಗಾವನ್ನು ಅದು ನನ್ನ ಮುಂದೆಯೇ ಚಪ್ಪರಿಸಿತು. ತಾಯಿ ಎರಡು ಗಂಟೆ ಅದರ ಮುಖದಿಂದ ಕಣ್ಣು ಕೀಳಲಿಲ್ಲ. ಹೊರಡುವಾಗ ಮೆಲ್ಲಗೆ ಕೇಳಿದರು: “ಹಾಗಾದರೆ ನಾನೂ ತಿನ್ನಬಹುದೇ?”