ಮಂಡಿಯ ಕುಳಿ ಬೇರೆ, ಮಂಡಿ ಸವೆತ ಬೇರೆ

ಮಳವಳ್ಳಿ, ಮದ್ದೂರು ಕಡೆಯಿಂದ ಮಂಡಿನೋವೆಂದು ಬರುವವರು ಈಗ ಮೊದಲು ಕೇಳುವುದೇ ಸವೆದದ್ದನ್ನು ಮತ್ತೆ ಬೆಳೆಸುವ ಇಂಜೆಕ್ಷನ್ ಬಗ್ಗೆ. ಮೃದ್ವಸ್ಥಿಯನ್ನು (ಕಾರ್ಟಿಲೇಜ್) ಬೆಳೆಸುವ ಚಿಕಿತ್ಸೆ ಇರುವುದು ನಿಜ. ಅದು ಯಾರಿಗೆ ಎಂಬುದರಲ್ಲೇ ಜನ ಮೋಸ ಹೋಗುತ್ತಿದ್ದಾರೆ.

ಕೀಲಿನಲ್ಲಿ ಮೂಳೆಯ ತುದಿಗೆ ಹೊದಿಕೆಯಾಗಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಹಾಗಾಗಿ ಅದಕ್ಕೆ ಪೆಟ್ಟಾದರೆ ಚರ್ಮದ ಗಾಯದಂತೆ ತಾನಾಗಿ ಮಾಗುವುದಿಲ್ಲ. ಅಂಗರಚನಾ ತಜ್ಞ ವಿಲಿಯಂ ಹಂಟರ್ ಇದನ್ನು 1743ರಲ್ಲೇ ಬರೆದಿದ್ದರು.

ಕಬಡ್ಡಿ ಆಡುವಾಗಲೋ ಬೈಕಿನಿಂದ ಬಿದ್ದೋ ಯುವಕನ ಮಂಡಿಯ ಮೃದ್ವಸ್ಥಿಯಲ್ಲಿ ಒಂದೇ ಕಡೆ ಕುಳಿ ಬಿದ್ದಿದೆ ಎನ್ನಿ. ಚಿಕ್ಕ ಕುಳಿಯಾದರೆ ತಳದ ಮೂಳೆಗೆ ಸಣ್ಣ ರಂಧ್ರಗಳನ್ನು ಕೊರೆಯುತ್ತೇವೆ. ಮಜ್ಜೆಯ ರಕ್ತ ಒಸರಿ ಹೆಪ್ಪುಗಟ್ಟಿ ನಾರಿನಂಥ ಮೃದ್ವಸ್ಥಿಯಾಗುತ್ತದೆ. ಬಾಳಿಕೆಯಲ್ಲಿ ಅದು ಮೂಲದ್ದಕ್ಕೆ ಸಮವಲ್ಲ. ಕುಳಿ ದೊಡ್ಡದಾದರೆ ಕೋಶ ಕಸಿ. ಭಾರ ಬೀಳದ ಜಾಗದಿಂದ ಚೂರು ಮೃದ್ವಸ್ಥಿ ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ಕೆಲವು ವಾರ ಬೆಳೆಸಿ ಕುಳಿಗೆ ತುಂಬುವುದು. ಒಟ್ಟಲು (ಸಸಿಮಡಿ) ಬಿಟ್ಟು ಪೈರನ್ನು ಗದ್ದೆಗೆ ನಾಟಿ ಮಾಡಿದ ಹಾಗೆ. ಸ್ವೀಡನ್ನಿನ ವೈದ್ಯರು 1994ರಲ್ಲಿ ಇದರ ಫಲಿತಾಂಶ ಪ್ರಕಟಿಸಿದರು. ಖರ್ಚು ಲಕ್ಷಗಳಲ್ಲಿ. ಹರಿದ ಲಿಗಮೆಂಟ್ (ಮೂಳೆಗಳನ್ನು ಬಿಗಿದಿಡುವ ಪಟ್ಟಿ), ಬಾಗಿದ ಕಾಲು ಇದ್ದರೆ ಅವನ್ನೂ ಸರಿಪಡಿಸಲೇಬೇಕು, ಇಲ್ಲವಾದರೆ ಕಸಿ ನಿಲ್ಲದು. ಆಮೇಲೆ ಸುಮಾರು ಆರು ವಾರ ಊರುಗೋಲು, ತಿಂಗಳುಗಟ್ಟಲೆ ಫಿಸಿಯೊಥೆರಪಿ, ಆಟಕ್ಕಿಳಿಯಲು ಹತ್ತಿರ ಹತ್ತಿರ ಒಂದು ವರ್ಷ. ಕಬ್ಬು ಕಡಿಯಲು ಬೇಗ ಹೋಗಲೇಬೇಕು ಎನ್ನುವವರಿಗೆ ನಾನು ಈ ಶಸ್ತ್ರಚಿಕಿತ್ಸೆ ಬೇಡವೆಂದೇ ಹೇಳುತ್ತೇನೆ.

ಅರವತ್ತು ದಾಟಿದ ತಾಯಂದಿರ ಮಂಡಿಯ ಸ್ಥಿತಿ ಬೇರೆ. ಎದುರುಬದುರಿನ ಎರಡೂ ಮೂಳೆಗಳ ಹೊದಿಕೆ ಸವೆದು, ಅಂಚಿನಲ್ಲಿ ಮೂಳೆ ಬೆಳೆದು, ಕಾಲು ಬಾಗಿರುತ್ತದೆ. ಸುತ್ತ ಗಟ್ಟಿ ಮೃದ್ವಸ್ಥಿಯ ಬದುವೇ ಇಲ್ಲದ ಕಡೆ ನೆಟ್ಟ ಕೋಶ ಎಲ್ಲಿ ನಿಂತೀತು? ಸವೆದದ್ದನ್ನು ಬೆಳೆಸುತ್ತದೆಂದು ಜನ ನಂಬುವ, ರೋಗಿಯ ರಕ್ತದಿಂದಲೇ ತಯಾರಿಸುವ ಪಿಆರ್‌ಪಿ (ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಇಂಜೆಕ್ಷನ್ನನ್ನು ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು: ಒಂದು ವರ್ಷದ ಬಳಿಕ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಉಪ್ಪುನೀರಿನ ಇಂಜೆಕ್ಷನ್ನಿಗಿಂತ ಗಣನೀಯ ಲಾಭ ಕಾಣಲಿಲ್ಲ. ಇದಕ್ಕಾಗಿ ಒಡವೆ ಅಡವಿಡುವವರನ್ನು ಕಂಡರೆ ಸಂಕಟವಾಗುತ್ತದೆ. ಇಂಥವರಿಗೆ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು, ತೂಕ ಇಳಿಯಬೇಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕಿಲೋ ಭಾರ ತಗ್ಗುತ್ತದೆ. ತೀರಾ ಆಗದಿದ್ದರೆ ಮಂಡಿ ಬದಲಾವಣೆ ಇದೆ.

ಎಕ್ಸ್‌ರೇಯನ್ನು ನಿಂತುಕೊಂಡೇ ತೆಗೆಸಿ. ಮಲಗಿಸಿ ತೆಗೆದದ್ದರಲ್ಲಿ ಸವೆದ ಮಂಡಿಯಲ್ಲೂ ಮೂಳೆಗಳ ನಡುವೆ ಅಂತರ ಇರುವಂತೆ ಕಾಣಬಹುದು.